ಎಲೋಯ್ ಸಾಹೇಬರ ನಾಲಬಂದ

ದಾವಲಚಾಚಾ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕಾಲನ್ನು. ಮುಖ ಆಮೇಲೆ. ಬರುವವರ ಹೆಜ್ಜೆ ನೆಲಕ್ಕೆ ಹೇಗೆ ಬೀಳುತ್ತಿದೆ, ಭಾರ ಯಾವ ಕಾಲಿನ ಮೇಲಿದೆ, ಚಪ್ಪಲಿ ಯಾವ ಕಡೆ ಸವೆದಿದೆ, ಇಷ್ಟನ್ನು ನೋಡಿಕೊಂಡ ಮೇಲೆಯೇ ತಲೆ ಎತ್ತಿ "ಬರ್ರಿ" ಎನ್ನುತ್ತಿದ್ದರು. ಹೊಸಬರಿಗೆ ಇದು ಮುಜುಗರ. ಹೆಂಗಸರು ಸೀರೆಯ ಅಂಚು ಸರಿಮಾಡಿಕೊಳ್ಳುತ್ತಿದ್ದರು, ಗಂಡಸರು ಚಪ್ಪಲಿಗೆ ಏನಾದರೂ ಮೆತ್ತಿಕೊಂಡಿದೆಯೇನೋ ಎಂದು ಬಗ್ಗಿ ನೋಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಗೋವಾದ ಕೆಪೆ ಎಂಬ ಊರಿನ ಒಂದು ಸಣ್ಣ ದವಾಖಾನೆಯಲ್ಲಿ. ನಾನಲ್ಲಿ ನರ್ಸ್ ಆಗಿದ್ದೆ. ಗಂಡನಿಗೆ ಕುಂಡಯಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಸವದತ್ತಿಯ ಕಡೆಯಿಂದ ಗೋವಾಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೊಳೆ ಚುಚ್ಚಿಸಿಕೊಂಡ ಗೌಂಡಿಯೊಬ್ಬನನ್ನು ಹೆಗಲಿಗೆ ಆನಿಸಿಕೊಂಡು ಬಂದ ಆ ಮನುಷ್ಯನಿಗೆ ಐವತ್ತೈದರ ಆಸುಪಾಸು. ನರೆತ ಗಡ್ಡ, ಕಿಡಿ ಸಿಡಿದು ತೂತುತೂತಾದ ಅಂಗಿ. ನಾನು ಗಾಯ ತೊಳೆದು ಪಟ್ಟಿ ಕಟ್ಟುವವರೆಗೆ ಸುಮ್ಮನೆ ನಿಂತಿದ್ದವರು ಹೋಗುವಾಗ ಕೇಳಿದರು.

"ಅಕ್ಕಾರ, ನಿಮ್ಮ ಎಡಗಾಲ ಹಿಮ್ಮಡ ನೋಯ್ತೈತೇನ್ರಿ?"

ನೋಯುತ್ತಿತ್ತು. ದಿನವಿಡೀ ನಿಂತು ಮಾಡುವ ಕೆಲಸ. ನಿಮಗೆ ಹೇಗೆ ಗೊತ್ತಾಯಿತು ಎಂದೆ.

"ಕುದರಿ ಹಿಂಗ ಒಂದ ಕಾಲ ಮ್ಯಾಲ ಭಾರ ಹಾಕಿ ನಿಂತ್ರ ನಮ್ಮ ಅಪ್ಪ ಅವತ್ತ ಅದನ್ನ ಟಾಂಗಾಕ್ಕ ಹೂಡಾಕ ಬಿಡತಿರಲಿಲ್ರಿ."

ನನ್ನನ್ನು ಕುದುರೆಗೆ ಹೋಲಿಸಿದ್ದಕ್ಕೆ ಸಿಟ್ಟು ಬರಬೇಕಾಗಿತ್ತು. ನಗು ಬಂತು. ಪರವೂರಿನಲ್ಲಿ ನಮ್ಮ ಸೀಮೆಯ ಕನ್ನಡ ಕಿವಿಗೆ ಬಿದ್ದ ಸಂತೋಷವೂ ಅದರಲ್ಲಿ ಸೇರಿತ್ತೋ ಏನೋ.

ದಾವಲಸಾಬ ನಾಲಬಂದ ಅವರ ಪೂರ್ತಿ ಹೆಸರು. ಹೆಸರೇ ಹೇಳುವಂತೆ ಕುದುರೆಯ ಗೊರಸಿಗೆ ನಾಲು ಕಟ್ಟುವುದು ಅವರ ಮನೆತನದ ಕಸುಬು. ವಿಜಯಪುರದಲ್ಲಿ ಟಾಂಗಾ ನಿಲ್ಲುವ ಜಾಗದ ಪಕ್ಕದಲ್ಲಿ ಅವರ ತಂದೆಯ ಅಂಗಡಿ ಇತ್ತು. ಗೋಳಗುಮ್ಮಟ ನೋಡಲು ಬಂದವರನ್ನು ಹೊತ್ತು ತಿರುಗುವ ಕುದುರೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಆಟೋರಿಕ್ಷಾ ಬಂದವು, ಟಾಂಗಾ ಕಡಿಮೆಯಾದವು. ಚಾಚಾ ವೆಲ್ಡಿಂಗ್ ಕಲಿತು, ಹೆಂಡತಿ ತೀರಿಕೊಂಡ ಮೇಲೆ, ಒಬ್ಬಳೇ ಮಗಳ ಮದುವೆ ಮಾಡಿ ಗೋವಾಕ್ಕೆ ಬಂದಿದ್ದರು. "ಇಲ್ಲೆ ಕುದರಿ ಅದಾವಂತ ಬಂದಿಲ್ರಿ. ಗೋವಾದ ಮಂದಿ ಕಿಟಕಿಗೆ ಕಬ್ಬಿಣದ ಜಾಳಗಿ ಭಾಳ ಹಾಕಸ್ತಾರಂತ ಕೇಳಿ ಬಂದೆ" ಎನ್ನುತ್ತಿದ್ದರು. ಆದರೂ ತಮ್ಮನ್ನು ವೆಲ್ಡರ್ ಎಂದು ಯಾರಾದರೂ ಕರೆದರೆ ತಿದ್ದುತ್ತಿದ್ದರು. ವೆಲ್ಡಿಂಗ್ ಹೊಟ್ಟೆಪಾಡಿನದು, ತಾವು ನಾಲಬಂದ.

ಕೆಪೆ ಊರು ದಾಟಿ ಗೇರುಮರಗಳ ದಿಬ್ಬ ಏರಿದರೆ ದೋನಾ ಎಮಿಲಿಯಾ ಎಂಬ ಮುದುಕಿಯ ಹಳೆಯ ಮನೆ. ನಮಗೆಲ್ಲ ಅವರು ದೋನಾ ಬಾಯಿ. ಅವರು ಮದುವೆಯಾಗದೆ ಉಳಿದವರು, ತಮ್ಮನ ಮಗ ಫ್ರಾಂಕ್‌ನ ಜೊತೆ ಇದ್ದರು. ಮನೆಯ ಮುಂದೆ, ರಸ್ತೆಗೆ ತಾಗಿದಂತೆ ಒಂದೇ ಕೋಣೆಯ ಚಾಪೆಲ್. ಅವರ ಮುತ್ತಜ್ಜನ ಕಾಲದಲ್ಲಿ ಲಾಯದ ತುಂಬ ಕುದುರೆಗಳಿದ್ದವಂತೆ. ಸಾಯಲಿದ್ದ ಕುದುರೆಯೊಂದು ಬದುಕಿತೆಂದು ಹರಕೆ ತೀರಿಸಲು ಆತ ಕಟ್ಟಿಸಿದ್ದು. ಒಳಗಿದ್ದ ಸಂತ ಎಲೋಯ್‌ನ ಹೆಸರು ಗೋವಾದಲ್ಲಿ ಕೇಳಿದವರೇ ಕಡಿಮೆ. ಮದುವೆ ಬೇಕಾದವರು, ಕಳೆದ ವಸ್ತು ಸಿಗಬೇಕಾದವರು ಬೇರೆ ಬೇರೆ ಸಂತರ ಬಳಿ ಹೋಗುತ್ತಾರೆ. ಕುದುರೆಯ ಸಂತನ ಹತ್ತಿರ ಕುದುರೆಯೇ ಇಲ್ಲದ ಊರಿನಲ್ಲಿ ಯಾರು ಬರಬೇಕು?

ಚಾಪೆಲ್ಲಿನ ಕಬ್ಬಿಣದ ಬಾಗಿಲು ತುಕ್ಕು ಹಿಡಿದು ಕಿತ್ತುಬಂದಿತ್ತು. ಅದನ್ನು ಸರಿಮಾಡಲು ಚಾಚಾರನ್ನು ಕರೆಸಿದರು. ಆ ದಿನದ ಕಥೆಯನ್ನು ಚಾಚಾ ನನಗೆ ಎಷ್ಟು ಸಲ ಹೇಳಿದ್ದಾರೋ. ಬಾಗಿಲು ಬಿಚ್ಚಿ ಬದಿಗಿಟ್ಟು ಬೆವರು ಒರೆಸಿಕೊಂಡು ಒಳಗೆ ನೋಡುತ್ತಾರೆ, ಸಂತನ ಮೂರ್ತಿ. ತಲೆಯ ಮೇಲೆ ಎತ್ತರದ ಬಿಷಪರ ಟೊಪ್ಪಿಗೆ, ಎಡಗೈಯಲ್ಲಿ ಬಾಗಿದ ಕೋಲು, ಬಲಗೈಯಲ್ಲಿ ಸುತ್ತಿಗೆ. ಕಾಲ ಬಳಿ ಕಮ್ಮಾರರು ಕಬ್ಬಿಣ ಬಡಿಯುವ ಅಡಿಗಲ್ಲು. ಅಡಿಗಲ್ಲಿನ ಮೇಲೆ ಮೊಣಕಾಲಿನಿಂದ ಕೆಳಗಿನ ಒಂದು ಕುದುರೆಯ ಕಾಲು, ಅದರ ಗೊರಸಿಗೆ ಅರ್ಧ ಬಡಿದ ನಾಲು.

"ಬಾಯಿ, ಇವ್ರು ಯಾರ್ರಿ?" ಎಂದು ಕೇಳಿದರಂತೆ. "ನಮ್ಮ ಧಂಧೇದವರು ಇಲ್ಲಿಗ್ಯಾಂಗ ಬಂದ್ರು?"

ದೋನಾ ಬಾಯಿಯ ಮಾತು ಕೊಂಕಣಿ. ಚಾಚಾರದು ಹಿಂದಿ ಕಲೆಸಿದ ಕನ್ನಡ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಆಡುತ್ತ ಒಬ್ಬರಿಗೊಬ್ಬರು ತಿಳಿದುಕೊಳ್ಳುವ ಆಟ ಅಂದೇ ಸುರುವಾದದ್ದು. ಬಾಯಿ ವಿವರಿಸಿದರು. ಫ್ರಾನ್ಸ್ ದೇಶದ ಎಲೋಯ್ ಬಿಷಪ್ ಆಗುವುದಕ್ಕೆ ಮೊದಲು ಕಮ್ಮಾರ, ಅಕ್ಕಸಾಲಿಗ. ಒಂದು ದಿನ ಅವನ ಬಳಿ ತಂದ ಕುದುರೆಗೆ ದೆವ್ವ ಹೊಕ್ಕಿತ್ತು. ಒದೆಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಅವನು ಅದರ ಕಾಲನ್ನೇ ಕತ್ತರಿಸಿ ತೆಗೆದು, ಅಡಿಗಲ್ಲಿನ ಮೇಲಿಟ್ಟು ಸಾವಕಾಶವಾಗಿ ನಾಲು ಬಡಿದು, ಮತ್ತೆ ಜೋಡಿಸಿ ಶಿಲುಬೆಯ ಗುರುತು ಮಾಡಿದ. ಕುದುರೆ ನಡೆದುಕೊಂಡು ಹೋಯಿತು.

ಚಾಚಾ ಬಹಳ ಹೊತ್ತು ಆ ಕಾಲನ್ನೇ ನೋಡಿ ಹೇಳಿದರಂತೆ. "ಇದು ಬರೋಬರಿ ಅಲ್ಲ ಬಾಯಿ. ನಿಲ್ಲಲಾರದ ಕುದರೀನ ಮೈದಡವಿ ನಿಲ್ಲಸೂದ ನಾಲಬಂದನ ಕೆಲಸ. ಕಾಲ ಕೊಯ್ದ ನಾಲ ಕಟ್ಟತೇನಂದ್ರ ನಮ್ಮ ಅಪ್ಪ ಅಂತಾವನ್ನ ಅಂಗಡ್ಯಾಗ ಇಟಗೋತಿರಲಿಲ್ಲ."

ದೋನಾ ಬಾಯಿ ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರ ಸಂತನಿಗೆ ದೀಪ ಹಚ್ಚಿದವರಿದ್ದರು, ಮರೆತವರಿದ್ದರು, ಕೆಲಸದ ತಪ್ಪು ಎತ್ತಿದವರು ಯಾರೂ ಇರಲಿಲ್ಲ. ಚಾಪೆಲ್ಲಿನ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಹಳೆಯ ಲಾಯದ ಒಂದು ಭಾಗವನ್ನು ಅಂಗಡಿ ಹಾಕಿಕೊಳ್ಳಲು ಅವರಿಗೆ ಕೊಟ್ಟರು. ಬಾಗಿಲು ಮಾಡಿದವರೇ ಬೀಗದ ಕೈಯನ್ನೂ ಇಟ್ಟುಕೊಳ್ಳಲಿ ಎಂದು ಅದನ್ನೂ ಕೊಟ್ಟರು.

ಅಂದಿನಿಂದ ಚಾಚಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಚಾಪೆಲ್ಲಿನ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದರು. ಹೂವು, ಮೇಣದ ಬತ್ತಿ ಬಾಯಿಯ ಕೆಲಸ. ಚಾಚಾ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಸಂತನ ಕೈಯ ಸುತ್ತಿಗೆಯ ಮೇಲಿನ ಧೂಳು ಒರೆಸಿ, ಬಲಗೈಯನ್ನು ಹಣೆಯ ತನಕ ಎತ್ತಿ ಒಂದು ಸಲಾಮು ಮಾಡಿ ಹೊರಬರುತ್ತಿದ್ದರು. ಅಷ್ಟೇ. ಶುಕ್ರವಾರ ತಪ್ಪದೆ ನಮಾಜಿಗೆ ಮಡಗಾಂವಕ್ಕೆ ಹೋಗುತ್ತಿದ್ದರು. ಅಲ್ಲಿನ ಮೋತಿ ಡೊಂಗರ್‌ನಲ್ಲಿ ಅವರ ಕಡೆಯ ಜನ ಬಹಳ. ಅಲ್ಲಿ ಅವರ ಸಂಬಂಧಿಯೊಬ್ಬ, ಲಾರಿ ಡ್ರೈವರ್, ನಾಲ್ಕು ಜನರ ಮುಂದೆ ಕೆಣಕಿದನಂತೆ. "ಏನ ಕಾಕಾ, ಮೂರ್ತಿಗೆ ಸಲಾಮ ಹೊಡಿತೀಯಂತಲ್ಲ?"

"ಮೂರ್ತಿಗೆ ಯಾಕ ಹೊಡೀಲಿ? ಸುತ್ತಿಗಿ ಹಿಡದ ಕೈಗೆ ಹೊಡೀತೇನಿ. ನೀ ದಾರ್ಯಾಗ ಹೊಂಟಾಗ ಎದುರ ಬಂದ ಲಾರಿ ಡ್ರೈವರಗ ಕೈ ಎತ್ತತೀಯೊ ಇಲ್ಲೊ? ಅಂವಾ ಯಾವ ಜಾತಿ ಅಂತ ಕೇಳತೀಯೇನು?"

ಡ್ರೈವರ್ ಮತ್ತೆ ಆ ಮಾತು ಎತ್ತಲಿಲ್ಲ ಎಂದು ಚಾಚಾ ಹೇಳುತ್ತಿದ್ದರು. ಎತ್ತಿದ್ದನೋ ಏನೋ, ನಾನು ಕಾಣೆ.

ನನ್ನ ಬಾಡಿಗೆ ಮನೆ ಆ ದಿಬ್ಬದ ಬುಡದಲ್ಲೇ ಇತ್ತು. ಡ್ಯೂಟಿ ಮುಗಿಸಿ ಬರುವಾಗ ಸಂಜೆ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲುವುದು ರೂಢಿಯಾಯಿತು. ದೋನಾ ಬಾಯಿಯೂ ಕೋಲೂರಿಕೊಂಡು ಬಂದು ಕುರ್ಚಿ ಹಾಕಿಸಿಕೊಳ್ಳುತ್ತಿದ್ದರು. ಬಾಯಿಯಿಂದ ಕೇಳಿದ ಸಂತನ ಕಥೆಗಳನ್ನು ಚಾಚಾ ಗೇಟು ಮಾಡಿಸಲು ಬಂದವರಿಗೆ, ಚಹದವನಿಗೆ, ಕಟ್ಟಡದ ಕೆಲಸದ ಹೆಣ್ಣಾಳುಗಳಿಗೆ ಹೇಳುತ್ತಿದ್ದರು. ಅವರ ಬಾಯಲ್ಲಿ ಫ್ರಾನ್ಸಿನ ರಾಜ ಆದಿಲಶಾಹಿ ದರಬಾರಿಗೆ ಬಂದು ಕೂಡುತ್ತಿದ್ದ.

"ಬಾದಶಾ ಒಂದ ಸಿಂಹಾಸನ ಮಾಡಂತ ಬಂಗಾರ ತೂಗಿ ಕೊಟ್ಟ. ಎಲೋಯ್ ಸಾಹೇಬ್ರು ಎರಡ ಮಾಡಿ ತಂದ್ರು. ಬಾದಶಾನ ಕಣ್ಣ ಮ್ಯಾಲಾದುವು. ಇಷ್ಟ ಬಂಗಾರದಾಗ ಎರಡ ಹೆಂಗ ಅಂತ ಕೇಳಿದ. ಕದೀಲಿಲ್ಲ ಹುಜೂರ, ಅದಕ್ಕ ಉಳೀತು ಅಂದ್ರು. ಅವತ್ತಿನಿಂದ ದರಬಾರದಾಗ ಅವ್ರ ಮಾತ ನಡೀತು. ಖರೇ ಅವ್ರ ದೊಡ್ಡ ಕೆಲಸ ಅದಲ್ರಿ. ಬಂದರದಾಗ ಹಡಗ ಬರ್ತಿದ್ವು, ಅದರಾಗ ಯಾವ್ಯಾವದೋ ದೇಶದ ಮಂದೀನ ಹಗ್ಗಾ ಹಚ್ಚಿ ತರತಿದ್ರು, ದನಾ ಮಾರಿದಂಗ ಮಾರಾಕ. ಸಾಹೇಬ್ರು ಹೋಗಿ ಅವ್ರನ್ನ ಬಿಡಸ್ತಿದ್ರು. ಕೈಯಾಗ ಇದ್ದದ್ದ ಮುಗದ್ರ ಸೊಂಟದ ಪಟ್ಟಿ, ಮೈಮ್ಯಾಲಿನ ಶಾಲ, ಕಾಲಾಗಿನ ಬೂಟ, ಎಲ್ಲಾ ಬಿಚ್ಚಿ ಕೊಡತಿದ್ರು. ಬಿಡಿಸಿ, ಊರಿಗೆ ಹೋಗ್ತೀರೇನಪಾ, ಇಲ್ಲೇ ಇರತೀರೇನಪಾ, ನಿಮ್ಮ ಮರ್ಜಿ ಅಂತಿದ್ರು. ಬಿಷಪ್ ಆಮ್ಯಾಲೆ ಆದ್ರು. ಆದ ಮ್ಯಾಲೂ ಸುತ್ತಿಗಿ ಬಿಡಲಿಲ್ಲ, ನೋಡ್ರಿ, ಕೈಯಾಗ ಐತಿ."

ಸೈತಾನ ಹೆಂಗಸಿನ ವೇಷದಲ್ಲಿ ಬಂದಾಗ ಸಾಹೇಬರು ಕಾದ ಇಕ್ಕಳದಿಂದ ಅದರ ಮೂಗು ಹಿಡಿದ ಕಥೆಯನ್ನು ಮಾತ್ರ ಹೆಂಗಸರಿದ್ದಾಗ ಹೇಳುತ್ತಿರಲಿಲ್ಲ. ಬಾಯಿಯೇ ನನಗೆ ಅದನ್ನು ಹೇಳಿದ್ದು.

ಡಿಸೆಂಬರ್ ಒಂದರಂದು ಸಂತನ ಹಬ್ಬ. ಪಾದ್ರಿ ಬಂದು ಪೂಜೆ ಮಾಡಿದ ಮೇಲೆ ಸಂಜೆ ನೆರೆಯವರು ಕೂಡಿ ಹಾಡಿನ ಪ್ರಾರ್ಥನೆ ಮಾಡುತ್ತಿದ್ದರು. ಸಂತನನ್ನು ಸಣ್ಣ ಅಡ್ಡೆಯ ಮೇಲಿಟ್ಟು ನಾಲ್ವರು ಹೊತ್ತು ಅಂಗಳ ಸುತ್ತುತ್ತಿದ್ದರು. ಬೇಯಿಸಿದ ಕಡಲೆ, ಕೊಬ್ಬರಿ, ಬೇಕಾದವರಿಗೆ ಒಂದು ಗುಟುಕು ಫೆಣಿ. ಹಿಂದೆಲ್ಲ ಸುತ್ತಲಿನ ಕಮ್ಮಾರರು ತಮ್ಮ ಸುತ್ತಿಗೆ, ಚಿಮಟ ತಂದು ಸಂತನ ಮುಂದೆ ಇಡುತ್ತಿದ್ದರಂತೆ. ಅವರೆಲ್ಲ ತೀರಿಹೋಗಿ, ಆ ಮೆಟ್ಟಿಲು ಖಾಲಿಯೇ ಇರುತ್ತಿತ್ತು. ಚಾಚಾ ಬಂದ ಮೊದಲ ಹಬ್ಬಕ್ಕೆ ಬಾಯಿ ಅವರ ಸುತ್ತಿಗೆ ಕೇಳಿ ತರಿಸಿ ಅಲ್ಲಿಟ್ಟರು. ಬಂಧುಗಳಲ್ಲಿ ಒಬ್ಬಿಬ್ಬರು ಗುಸುಗುಸು ಅಂದರು. ಪಾದ್ರಿ ಇನ್ನೂ ಹರೆಯದವರು. ಪವಿತ್ರ ನೀರನ್ನು ಅಂಗಳಕ್ಕೆ, ಮಂದಿಗೆ, ಸುತ್ತಿಗೆಗೆ ಒಂದೇ ಸಮನೆ ಚಿಮುಕಿಸಿ ಮುಂದೆ ನಡೆದರು. ಚಾಚಾ ಹೊರಗೆ ಲಾಯದ ಕಂಬಕ್ಕೆ ಒರಗಿ ನೋಡುತ್ತಿದ್ದರು. "ನೀರ ಬಿದ್ರ ತುಕ್ಕ ಹಿಡೀತೈತಿ, ಒರಿಸಿ ಇಡಬೇಕು" ಎಂದರು ನನ್ನ ಕಡೆ ತಿರುಗಿ. ಕಣ್ಣು ಮಾತ್ರ ಒದ್ದೆಯಾಗಿತ್ತು.

ಅದಾಗಿ ಮೂರು ನಾಲ್ಕು ವರ್ಷಕ್ಕೆ ಆದ ಸಂಗತಿ. ಹತ್ತಿರದ ಬಂಗಲೆಯೊಂದರಲ್ಲಿ ಕಳವಾಯಿತು. ಬೆಳಗಾಗುತ್ತಲೇ ಪೊಲೀಸರು ಬಂದು ದಿಬ್ಬದ ಕೆಳಗಿನ ಶೆಡ್ಡುಗಳಲ್ಲಿದ್ದ ನಮ್ಮ ಕಡೆಯ ಗಂಡಸರನ್ನು ಜೀಪಿನಲ್ಲಿ ತುಂಬಿಕೊಂಡು ಹೋದರು. ಹೆಂಗಸರು ಅಳುತ್ತ ನನ್ನ ಬಾಗಿಲಿಗೆ ಬಂದರು. ದವಾಖಾನೆಯವಳು, ನಾಲ್ಕಕ್ಷರ ಬಲ್ಲವಳು ಎಂದು. ಠಾಣೆಯಲ್ಲಿ ನನ್ನ ಮಾತು ಯಾರು ಕೇಳುತ್ತಾರೆ? ಅವರನ್ನು ಕರೆದುಕೊಂಡು ಚಾಚಾರ ಅಂಗಡಿಗೆ ಹೋದೆ. ಅವರು ಕೈ ತೊಳೆದುಕೊಂಡು ನೆಟ್ಟಗೆ ದೋನಾ ಬಾಯಿಯ ಜಗಲಿಗೆ ನಡೆದರು. ಅಷ್ಟು ವರ್ಷದಲ್ಲಿ ಅವರು ಆ ಮನೆಯ ಜಗಲಿ ಹತ್ತಿದ್ದನ್ನು ನಾನು ನೋಡಿರಲಿಲ್ಲ.

ಬಾಯಿ ಎಲ್ಲ ಕೇಳಿಸಿಕೊಂಡರು. ಫ್ರಾಂಕ್ ನಡುವೆ ಬಂದು, ಇದು ಪೊಲೀಸರ ವಿಚಾರ, ಈ ವಯಸ್ಸಿನಲ್ಲಿ ನಿಮಗೇಕೆ, ಕಳವಾದ ಮನೆಯವರು ನಮ್ಮ ಬಳಗದವರು, ಏನಂದುಕೊಳ್ಳುತ್ತಾರೆ ಎಂದ. ಅವನು ಕೆಟ್ಟವನಲ್ಲ, ಅತ್ತೆಯ ಚಿಂತೆ ಅವನಿಗೆ. ಬಾಯಿ ಚಾಚಾರನ್ನು ಕೇಳಿದರು. "ಅವರು ಕದ್ದಿಲ್ಲ ಅಂತ ನಿನಗೆ ಗೊತ್ತಾ, ದಾವಲ್?"

"ಗೊತ್ತಿಲ್ರಿ ಬಾಯಿ. ನಿಮ್ಮ ಮುಂದ ಸುಳ್ಳ ಹೇಳಂಗಿಲ್ಲ. ನಿನ್ನಿ ಸಂಜಿಮಟಾ ಸ್ಲ್ಯಾಬ್ ಹಾಕ್ಯಾರ, ಉಂಡ ಮಲಕೊಂಡಾರ, ಅಷ್ಟ ಗೊತ್ತು. ಕದ್ದಿದ್ರ ಕದ್ದಾರಂತ ತೋರಿಸಿ ಒಳಗ ಹಾಕ್ಲಿ. ಕನ್ನಡದವರು ಅಂತ ಹಾಕೂದ ಬ್ಯಾಡ. ಹಡಗದ ಮಂದೀನ ಬಿಡಿಸಿದ ಕತಿ ನೀವ ನಂಗ ಹೇಳೀರಿ."

ಬಾಯಿ ಕೋಲೂರಿಕೊಂಡು ಎದ್ದರು. ಆಮೇಲೆ ಕೆಲಸದವಳನ್ನು ಕರೆದು, ಹಬ್ಬಕ್ಕೆ ಉಡುವ ಕಪ್ಪು ಉಡುಪು ತೆಗೆ ಎಂದರು.

ಚಾಚಾರ ಗೆಳೆಯನ ಟೆಂಪೊದ ಮುಂದಿನ ಸೀಟಿನಲ್ಲಿ ಬಾಯಿ, ಹಿಂದೆ ನಾವು. ಠಾಣೆಯಲ್ಲಿ ಬಾಯಿ ಬೆಂಚಿನ ಮೇಲೆ ಕುಳಿತು ಕೊರಳಿನ ಜಪಸರ ಕೈಗೆ ತೆಗೆದುಕೊಂಡರು. ಅಧಿಕಾರಿಗೆ ಅವರ ಮನೆತನ ಗೊತ್ತು. ಎದ್ದು ಬಂದು ಚಹಾ ತರಿಸಿದ, ವಿಚಾರಣೆ ಮುಗಿದರೆ ಬಿಡುತ್ತೇವೆ, ತಾವು ಮನೆಗೆ ಹೋಗಿ ಎಂದ. "ನಾನು ಇವರ ಜೊತೆಗೇ ಹೋಗುತ್ತೇನೆ, ಪುತಾ. ಮುಗಿಯಲಿ" ಎಂದರು ಬಾಯಿ, ಮಗನಿಗೆ ಹೇಳುವಂತೆ. ಚಹಾ ಆರಿಹೋಯಿತು. ಊಟದ ಹೊತ್ತಾಯಿತು. ಏನಾದರೂ ತಿನ್ನಿ ಎಂದು ನಾನು ಹೇಳಿದರೆ ಬೇಡವೆಂದು ತಲೆಯಾಡಿಸಿದರು. ಚಾಚಾ ಹೊರಗೆ ಬಿಸಿಲಲ್ಲಿ ಹೆಂಗಸರ ಜೊತೆ ಕುಕ್ಕರುಗಾಲಲ್ಲಿ ಕೂತಿದ್ದರು. ಮಧ್ಯಾಹ್ನ ಇಳಿಯುವಾಗ ಒಬ್ಬೊಬ್ಬರನ್ನಾಗಿ ಹೊರಗೆ ಬಿಟ್ಟರು. ಒಬ್ಬನ ಕಿವಿಯ ಬಳಿ ಊದಿತ್ತು. ಅವರು ಬಾಯಿಯ ಕಾಲಿಗೆ ಬೀಳಲು ಹೋದಾಗ ಬಾಯಿ ಗಾಬರಿಯಾಗಿ ಕಾಲು ಹಿಂದೆ ಎಳೆದುಕೊಂಡರು.

ಆ ವರ್ಷದ ಹಬ್ಬಕ್ಕೆ ಕಳವಾದ ಮನೆಯವರು ಬರಲಿಲ್ಲ. ಅವರ ಜೊತೆಗೆ ಇನ್ನೂ ಹಲವರು ಬರಲಿಲ್ಲ. ಬಾಯಿ ಬಾಗಿಲಲ್ಲಿ ನಿಂತು ರಸ್ತೆ ನೋಡಿದರು. ಆಮೇಲೆ ದಿಬ್ಬದ ಕೆಳಗಿನ ಶೆಡ್ಡುಗಳಿಂದ ನಮ್ಮವರು ಬಂದರು. ತಲೆಗೆ ಎಣ್ಣೆ ಹಾಕಿ ಬಾಚಿ, ಒಗೆದ ಬಟ್ಟೆ ಉಟ್ಟು, ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದರು. ಕೊಂಕಣಿಯ ಹಾಡು ಅವರಿಗೆ ಬಾರದು, ಕೈಮುಗಿದು ನಿಂತರು. ಹಾಡು ಹೇಳುವವರು ಕಡಿಮೆಯಿದ್ದದ್ದರಿಂದ ಬಾಯಿಯ ನಡುಗುವ ದನಿ ಅಂದು ಎಲ್ಲರಿಗೂ ಬೇರೆಯಾಗಿ ಕೇಳಿಸಿತು. ಕಡಲೆಯ ಬಟ್ಟಲಿನ ಪಕ್ಕ ಹೋಳಿಗೆ ಇಟ್ಟರು. ಪಾದ್ರಿ ಒಂದಕ್ಕೆ ಎರಡು ತಿಂದರು.

ಚಾಚಾರಿಗೆ ಸಕ್ಕರೆ ಕಾಯಿಲೆ ಇದೆಯೆಂದು ನಮ್ಮ ದವಾಖಾನೆಯಲ್ಲೇ ಗೊತ್ತಾಗಿತ್ತು. ಗುಳಿಗೆಯನ್ನು ನೆನಪಾದ ದಿನ ನುಂಗುತ್ತಿದ್ದರು. ಚಹಕ್ಕೆ ಸಕ್ಕರೆ ಹಾಕಬೇಡಿ ಎಂದರೆ "ಒಂದ ಚಮಚೆ ಏನ ಮಾಡ್ತೈತ್ರಿ" ಎನ್ನುತ್ತಿದ್ದರು. ಒಂದು ಮಳೆಗಾಲ, ವೆಲ್ಡಿಂಗ್ ಮಾಡುವಾಗ ಕಾದ ಕಬ್ಬಿಣದ ಚೂರು ಅವರ ಬೂಟಿನೊಳಗೆ ಬಿದ್ದಿತ್ತು. ಕಾಲು ಜೋಮು ಹಿಡಿದಿದ್ದರಿಂದ ಅವರಿಗೆ ತಿಳಿಯಲೇ ಇಲ್ಲ. ಅಂಗಡಿಯ ಮುಂದೆ ನಿಂತಾಗ ನನಗೆ ವಾಸನೆ ಬಡಿಯಿತು. ಆ ವಾಸನೆ ಏನೆಂದು ನರ್ಸುಗಳಿಗೆ ಗೊತ್ತಿರುತ್ತದೆ. ಬೂಟು ಬಿಚ್ಚಿಸಿದೆ. ಬಲಗಾಲಿನ ಬೆರಳುಗಳು ಕಪ್ಪಾಗಿದ್ದವು.

"ಸಣ್ಣ ಗಾಯ ಅಕ್ಕಾರ, ಅರಿಷಿಣ ಹಚ್ಚೇನಿ" ಎಂದರು. ನಾನು ರಿಕ್ಷಾ ತರಿಸಿದೆ. ದಾರಿಯಲ್ಲಿ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಕಾಲನ್ನಲ್ಲ. ನನ್ನ ಮುಖದಿಂದಲೇ ಅವರಿಗೆ ಗೊತ್ತಾಗಿರಬೇಕು.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರರು ಬಹಳ ಪ್ರಯತ್ನಪಟ್ಟರು. ಕೊನೆಗೆ ಮೊಣಕಾಲಿನ ಕೆಳಗೆ ತೆಗೆಯಲೇಬೇಕಾಯಿತು. ವಿಜಯಪುರದಿಂದ ಮಗಳು ಮೆಹಬೂಬಿ ಬಂದಳು. ದೋನಾ ಬಾಯಿ, ಎಂಬತ್ತು ದಾಟಿದವರು, ಫ್ರಾಂಕ್‌ನಿಗೆ ಗಂಟುಬಿದ್ದು ಕಾರಿನಲ್ಲಿ ಬಂದರು. ಹೊದಿಕೆಯ ಕೆಳಗೆ ಒಂದು ಕಡೆ ಚಪ್ಪಟೆಯಾಗಿದ್ದುದನ್ನು ಕಂಡು ಅತ್ತುಬಿಟ್ಟರು. ಎಷ್ಟು ಬೇಡಿಕೊಂಡೆ, ಎಷ್ಟು ಬತ್ತಿ ಹಚ್ಚಿದೆ, ಎಲೋಯ್ ನಿನ್ನ ಕಾಲು ಉಳಿಸಲಿಲ್ಲ, ಅವನ ಬಾಗಿಲು ದಿನಾ ತೆಗೆದವನು ನೀನು ಎಂದು ತಮ್ಮ ಸಂತನ ಮೇಲೆಯೇ ಸಿಟ್ಟಾದರು.

ಚಾಚಾ ಅವರನ್ನು ಸಮಾಧಾನ ಮಾಡಿದರು. "ಹಂಗ ಅನಬ್ಯಾಡ್ರಿ ಬಾಯಿ. ಸಾಹೇಬ್ರಿಗೆ ಕುದರಿ ಕಾಲಿಂದ ಕೆಲಸ ಬರ್ತೈತಿ. ಇದು ಮನಷಾಂದು."

ಅಕ್ಕಪಕ್ಕದ ಮಂಚದಲ್ಲಿದ್ದವರು, ನಿಂತಿದ್ದವರು ಎಲ್ಲರೂ ನಕ್ಕೆವು. ಬಾಯಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಮೇಲೆ ಅವರ ಮಂಚದ ಬಳಿ ಕುಳಿತು, ಅದುವರೆಗೆ ಹೇಳದ ಒಂದು ಕಥೆ ಹೇಳಿದರು. ಎಲೋಯ್ ತೀರಿಕೊಂಡ ಮೇಲೆ ಅವನ ಕುದುರೆಯನ್ನು ಮಠದ ಹಿರಿಯನೊಬ್ಬನಿಗೆ ಕೊಟ್ಟರು. ಹೊಸದಾಗಿ ಬಂದ ಬಿಷಪನಿಗೆ ಅದು ಇಷ್ಟವಾಗಿ ಕಸಿದುಕೊಂಡ. ಕುದುರೆ ಮೇವು ಬಿಟ್ಟಿತು, ಕಾಯಿಲೆ ಬಿದ್ದಿತು, ಯಾವ ಮದ್ದಿಗೂ ಬಗ್ಗಲಿಲ್ಲ.

"ಆಮ್ಯಾಲೆ?" ಎಂದು ಕೇಳಿದರು ಚಾಚಾ, ಮಗುವಿನ ಹಾಗೆ.

"ಆಮೇಲೆ ಹಿರಿಯನಿಗೇ ವಾಪಸು ಕೊಟ್ಟರು. ಮೇಯತೊಡಗಿತು."

"ಹಂಗಾದ್ರ ಚಲೋ ಆತು" ಎಂದು ಕಣ್ಣು ಮುಚ್ಚಿದರು. ಆಪರೇಷನ್ ಆದ ಮೇಲೆ ಅವರು ಸರಿಯಾಗಿ ನಿದ್ದೆ ಮಾಡಿದ್ದು ಅಂದೇ.

ಹುಣ್ಣು ಮಾಯ್ದು ಕಟ್ಟಿಗೆ ಬಣ್ಣದ ಕೃತಕ ಕಾಲು ಬಂತು. ಅಂಗಡಿಗೆ ಮರಳಿದರು. ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದರು. ಆದರೆ ಗೇಟು ಹೊತ್ತುಕೊಂಡು ಹೋಗಿ ಕೂಡಿಸುವುದು, ಏಣಿ ಹತ್ತುವುದು ಆಗುತ್ತಿರಲಿಲ್ಲ. ಮೆಹಬೂಬಿ ಕರೆದೊಯ್ಯಲು ಬಂದು ಕುಳಿತಳು. "ಎಲೋಯ್ ಸಾಹೇಬ್ರ ಹಬ್ಬ ಮುಗಸ್ಕೊಂಡ ಬರ್ತೇನವ್ವ" ಎಂದರು.

ಆ ಹಬ್ಬದ ಸಂಜೆ ನನ್ನ ಕಣ್ಣಲ್ಲಿ ಇನ್ನೂ ಇದೆ. ಅಷ್ಟರಲ್ಲಿ ಬಾಯಿಗೆ ನಡೆಯಲಾಗದೆ ಗಾಲಿಕುರ್ಚಿ ಬಂದಿತ್ತು. ಹಳೆಯದು, ಯಾರೋ ಕೊಟ್ಟದ್ದು. ಕಿರುಗುಟ್ಟುತ್ತಿದ್ದ ಅದರ ಗಾಲಿಯನ್ನು ಚಾಚಾ ಬಿಚ್ಚಿ, ಬೇರಿಂಗಿನ ಗುಂಡು ಬದಲಿಸಿ, ಗ್ರೀಸು ತುಂಬಿ ಕೊಟ್ಟಿದ್ದರು. ಸಂತನನ್ನು ಹೊರಲು ನಾಲ್ವರಲ್ಲಿ ಒಬ್ಬರು ಕಡಿಮೆ ಬಿದ್ದರು. ಬಾಯಿ ಚಾಚಾರ ಕಡೆ ನೋಡಿದರು. ಚಾಚಾ ಕೈ ಅಲ್ಲಾಡಿಸಿದರು. "ನಾ ಹೆಗಲ ಕೊಟ್ರ ಸಾಹೇಬ್ರು ಒಂದ ಕಡೆ ವಾಲತಾರ. ಗಟ್ಟಿ ಕಾಲಿನವರ್ನ ಕರೀರಿ." ದಿಬ್ಬದ ಕೆಳಗಿನ ಗೌಂಡಿಯೊಬ್ಬ ಬಂದು ಹೆಗಲು ಕೊಟ್ಟ. ಚಾಚಾ ಬಾಯಿಯ ಕುರ್ಚಿಯ ಹಿಂದೆ ನಿಂತು ಹಿಡಿಕೆ ಹಿಡಿದರು. ಮುಂದೆ ಮೇಣದ ಬತ್ತಿಗಳ ನಡುವೆ ಎಲೋಯ್ ಸಾಹೇಬರು, ಹಿಂದೆ ಕುರ್ಚಿಯಲ್ಲಿ ಬಾಯಿ, ಕುರ್ಚಿ ತಳ್ಳುತ್ತ ಚಾಚಾ. ಕೃತಕ ಕಾಲು ಎಡವಿದಾಗ ಅವರು ಕುರ್ಚಿಯ ಮೇಲೆ ಭಾರ ಬಿಡುತ್ತಿದ್ದರು. ಅದು ಗೊತ್ತಾಗಿ ಬಾಯಿ ಗಾಲಿಯನ್ನು ಕೈಯಿಂದ ಅದುಮಿ ಹಿಡಿಯುತ್ತಿದ್ದರು. ಅವರಿಬ್ಬರಿಗಾಗಿ ಮೆರವಣಿಗೆ ನಿಂತು ನಿಂತು ಸಾಗಿತು. ಯಾರೂ ಅವಸರ ಮಾಡಲಿಲ್ಲ.

ಮರುವಾರ ಚಾಚಾ ಊರಿಗೆ ಹೋದರು. ಬೀಗದ ಕೈಯನ್ನು ಫ್ರಾಂಕ್ ತೆಗೆದುಕೊಂಡ.

ಬಾಯಿ ಇನ್ನೊಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಇದ್ದರು. ಕೊನೆಯ ದಿನಗಳಲ್ಲಿ ನಾನೇ ಹೋಗಿ ನೋಡಿಕೊಳ್ಳುತ್ತಿದ್ದೆ. ದಾವಲ್ ಹೇಗಿದ್ದಾನೆ ಎಂದು ಕೇಳುತ್ತಿದ್ದರು. ಅವರು ತೀರಿಕೊಂಡ ಕೆಲವೇ ವಾರಕ್ಕೆ ನನ್ನ ನಾದಿನಿಯ ಮನೆಯ ಕಾರ್ಯಕ್ಕಾಗಿ ವಿಜಯಪುರಕ್ಕೆ ಹೋಗಬೇಕಾಯಿತು. ಮೆಹಬೂಬಿಯ ಮನೆ ಹುಡುಕಿಕೊಂಡು ಹೋದೆ.

ಚಾಚಾ ಹಾಸಿಗೆ ಹಿಡಿದಿದ್ದರು. ಸಕ್ಕರೆ ಕಣ್ಣಿಗೂ ಏರಿತ್ತು, ದನಿಯಿಂದ ನನ್ನ ಗುರುತು ಹಿಡಿದರು. ಕೆಪೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಬಾಯಿಯ ಹೆಸರನ್ನು ಕೊನೆಗೆ ಇಟ್ಟುಕೊಂಡಿದ್ದರು. "ದೋನಾ ಬಾಯಾರ ಹೆಂಗದಾರ್ರಿ?"

ಮೆಹಬೂಬಿ ಅವರ ಹಿಂದಿನಿಂದ, ಹೇಳಬೇಡಿ ಎಂಬಂತೆ ನನಗೆ ಸನ್ನೆ ಮಾಡಿದಳು. ನಾನು ಚಾಪೆಲ್ಲಿನ ಬಾಗಿಲಿನ ಸುದ್ದಿ ಎತ್ತಿದೆ. ಅಷ್ಟರಲ್ಲೇ ಅವರಿಗೆ ತಿಳಿಯಿತು. "ಯಾವಾಗ?" ಎಂದರು. ಹೋದ ತಿಂಗಳು ಎಂದು ಹೇಳಿದೆ.

ಮಗಳಿಗೆ ತಮ್ಮನ್ನು ಎತ್ತಿ ಕೂಡಿಸು ಎಂದರು. ತಲೆಗೆ ಟೊಪ್ಪಿಗೆ ಇಡಿಸಿಕೊಂಡು ದುವಾ ಕೇಳಲು ಎರಡೂ ಅಂಗೈ ಮುಂದೆ ಚಾಚಿದರು. "ಅಪ್ಪಾ, ಅವ್ರು ಕಿರಸ್ತಾನರ ಇದ್ರಲ್ಲ" ಎಂದಳು ಮೆಹಬೂಬಿ ಮೆಲ್ಲಗೆ. "ಗೊತ್ತೈತಿ. ಕೇಳಾವ ನಾನು, ಕೊಡಾವ ಅಂವ. ನಡುವ ನೀ ಬರಬ್ಯಾಡ" ಎಂದು ತುಟಿ ಅಲ್ಲಾಡಿಸತೊಡಗಿದರು. ಮೆಹಬೂಬಿ ಸೆರಗು ತಲೆಗೆ ಎಳೆದುಕೊಂಡು ತಾನೂ ಕೈ ಚಾಚಿದಳು. ನನಗೆ ಏನು ಮಾಡಬೇಕೆಂದು ತಿಳಿಯದೆ ಅವಳನ್ನು ನೋಡಿ ಹಾಗೆಯೇ ಮಾಡಿದೆ.

ಮುಗಿದ ಮೇಲೆ ಅವರು ಕೇಳಿದರು. "ಕಡೀಕ ಒಬ್ಬರೇ ಇರಲಿಲ್ಲಲ್ರಿ, ಬಾಯಾರು?"

"ಇಲ್ಲ ಚಾಚಾ. ನಾನಿದ್ದೆ. ಕೈ ಹಿಡಕೊಂಡಿದ್ದೆ."

"ಯಾವ ಕೈಲೆ?"

ನಾನು ಬಲಗೈ ಮುಂದೆ ಮಾಡಿದೆ. ಅವರಿಗೆ ಕಾಣುವುದಿಲ್ಲವೆಂದು ನೆನಪಾಗಿ ಅವರ ಕೈಗೇ ತಾಗಿಸಿದೆ. ಅದನ್ನು ತಮ್ಮ ಎರಡೂ ಒರಟು ಅಂಗೈಗಳ ನಡುವೆ ತೆಗೆದುಕೊಂಡು, ಬಗ್ಗಿ, ಮುಚ್ಚಿದ ಕಣ್ಣುಗಳಿಗೆ ಒತ್ತಿಕೊಂಡರು. ಹೊರಗೆ ನನ್ನ ರಿಕ್ಷಾದವನು ಹಾರ್ನ್ ಹೊಡೆಯುತ್ತಿದ್ದ. ಅವರಾಗಿ ಬಿಡುವತನಕ ನಾನು ಕೈ ತೆಗೆಯಲಿಲ್ಲ.